ಬಾಗಿಲು ಹುಡುಕಿದವರು: ಒಂದು ವೈರಸ್ ಗ್ರಾಹಿಯ ಚರಿತ್ರೆ



2021ರ ಆ ದಿನಗಳನ್ನು ನೀವು ಮರೆತಿರಲಾರಿರಿ. ಆ ವರ್ಷದ ಜನವರಿ 16ರಂದು ನಮ್ಮ ದೇಶದಲ್ಲಿ ಕೋವಿಡ್ ಲಸಿಕೆ ಹಾಕುವ ಕೆಲಸ ಆರಂಭವಾಯಿತು. ಶಾಲೆಗಳಲ್ಲಿ, ಸಮುದಾಯ ಭವನಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸರತಿಯಲ್ಲಿ ನಿಂತು ನಾವೆಲ್ಲ ತೋಳು ಚಾಚಿದೆವು. ಹೆಚ್ಚಿನವರಿಗೆ ಸಿಕ್ಕಿದ್ದು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಕೋವಿಶೀಲ್ಡ್. ಆ ಪುಟ್ಟ ಸೀಸೆಯೊಳಗೆ ಏನಿತ್ತು ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಅದರಲ್ಲಿದ್ದದ್ದು ಚಿಂಪಾಂಜಿಗಳಲ್ಲಿ ಕಂಡುಬರುವ ಒಂದು ಅಡಿನೋವೈರಸ್. ಅದು ನಮ್ಮ ದೇಹದಲ್ಲಿ ಬೆಳೆದು ಹೆಚ್ಚದಂತೆ ಮಾಡಿ, ಕೊರೋನಾ ವೈರಸ್‌ನ ಮುಳ್ಳಿನ ಪ್ರೋಟೀನನ್ನು ತಯಾರಿಸುವ ವಂಶವಾಹಿಯನ್ನು ಅದರೊಳಗೆ ಇಟ್ಟಿದ್ದರು. ಸರಕು ಹೊತ್ತು ತರುವ ಗಾಡಿಯಂತೆ ಆ ವೈರಸನ್ನು ಬಳಸಿಕೊಂಡಿದ್ದರು. ಗಾಡಿ ಬಂದರೆ ಸಾಲದು, ಸರಕು ಮನೆಯೊಳಗೆ ಇಳಿಯಬೇಕು. ಹಾಗಾದರೆ ನಮ್ಮ ಜೀವಕೋಶದ ಬಾಗಿಲು ಎಲ್ಲಿದೆ? ವೈರಸ್ ಯಾವ ಬಾಗಿಲನ್ನು ತಟ್ಟುತ್ತದೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳಿಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಉತ್ತರ ಸಿಕ್ಕಾಗ ಅದು ಯಾರೂ ನಿರೀಕ್ಷಿಸಿದಂತೆ ಇರಲಿಲ್ಲ. ವೈರಸ್ ಹಿಡಿಯುತ್ತಿದ್ದದ್ದು ಒಂದು ಜೀವಕೋಶವನ್ನು ಇನ್ನೊಂದಕ್ಕೆ ಜೋಡಿಸಿ ಹಿಡಿದಿರುವ ಕೊಂಡಿಯನ್ನೇ! ಆ ಚರಿತ್ರೆಯನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ. ವಿಜ್ಞಾನ ಓದದ ಹಿರಿಯರೂ ದಯವಿಟ್ಟು ಪುಟ ತಿರುವಿ ಹೋಗಬೇಡಿ. ಕೊನೆಯಲ್ಲಿ ನಿಮಗೂ ಹೇಳಬೇಕಾದ ಒಂದು ಮಾತಿದೆ.

ಹಡ್ಸನ್ ನದಿ ತೀರದ ಒಂದು ಊರು

ಕಥೆ ಆರಂಭವಾಗುವುದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಾಕ್ಸಾಕಿ ಎಂಬ ಸಣ್ಣ ಊರಿನಲ್ಲಿ. ಪೋಲಿಯೋ ಎಂದರೆ ತಂದೆತಾಯಿಗಳು ನಡುಗುತ್ತಿದ್ದ ಕಾಲವದು. ಆ ಊರಿನ ಮಕ್ಕಳಲ್ಲಿ ಪೋಲಿಯೋದಂತೆಯೇ ಕೈಕಾಲಿನ ಬಲ ಕುಂದುವ ಕಾಯಿಲೆ ಕಾಣಿಸಿತು. ಗಿಲ್ಬರ್ಟ್ ಡಾಲ್ಡಾರ್ಫ್ ಮತ್ತು ಗ್ರೇಸ್ ಸಿಕ್ಲ್ಸ್ ಎಂಬ ಇಬ್ಬರು ಸಂಶೋಧಕರು ಆ ಮಕ್ಕಳ ಮಲದ ಮಾದರಿಯನ್ನು ಪರೀಕ್ಷಿಸಿದರು. ದೊಡ್ಡ ಇಲಿಗಳಿಗೆ ಕೊಟ್ಟರೆ ಏನೂ ಆಗುತ್ತಿರಲಿಲ್ಲ. ಆಗ ಅವರು ಇನ್ನೂ ತಾಯಿಯ ಹಾಲು ಕುಡಿಯುತ್ತಿದ್ದ ಇಲಿಮರಿಗಳ ಮೇಲೆ ಪ್ರಯೋಗ ಮಾಡಿದರು. ಮರಿಗಳು ಕಾಯಿಲೆ ಬಿದ್ದವು. 1948ರಲ್ಲಿ ಅವರು ಈ ಹೊಸ ವೈರಸನ್ನು ಲೋಕಕ್ಕೆ ತಿಳಿಸಿದರು. ಊರಿನ ಹೆಸರೇ ವೈರಸ್‌ಗೂ ನಿಂತಿತು.

ಮುಂದೆ ಈ ವೈರಸ್‌ಗಳನ್ನು ಎ ಮತ್ತು ಬಿ ಎಂಬ ಎರಡು ಗುಂಪುಗಳಾಗಿ ವಿಂಗಡಿಸಿದರು. ನಮ್ಮ ಪುಟ್ಟ ಮಕ್ಕಳ ಅಂಗೈ, ಅಂಗಾಲು, ಬಾಯಿಯಲ್ಲಿ ಗುಳ್ಳೆ ಬರಿಸುವ ಕಾಯಿಲೆಗೆ ಎ ಗುಂಪಿನ ವೈರಸ್ ಸಾಮಾನ್ಯ ಕಾರಣ. ಬಿ ಗುಂಪಿನವು ಹೃದಯದ ಸ್ನಾಯುವಿಗೇ ಉರಿಯೂತ ತರಬಲ್ಲವು. ನಮ್ಮ ಕಥೆ ಈ ಬಿ ಗುಂಪಿಗೆ ಸೇರಿದ್ದು.

ಐದು ವರ್ಷಗಳ ನಂತರ, 1953ರಲ್ಲಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವ್ಯಾಲೇಸ್ ರೋ ಮತ್ತು ಸಂಗಡಿಗರು ಮಕ್ಕಳಿಂದ ಶಸ್ತ್ರಚಿಕಿತ್ಸೆ ಮಾಡಿ ತೆಗೆದ ಅಡಿನಾಯ್ಡ್‌ಗಳನ್ನು ಗಾಜಿನ ಕೊಳವೆಯಲ್ಲಿ ಬೆಳೆಸುತ್ತಿದ್ದರು. ಅಡಿನಾಯ್ಡ್ ಎಂದರೆ ಮೂಗಿನ ಹಿಂಭಾಗದಲ್ಲಿರುವ ಮೆತ್ತನೆಯ ಅಂಗಾಂಶ. ಕೆಲವು ವಾರ ಚೆನ್ನಾಗಿದ್ದ ಜೀವಕೋಶಗಳು ತಾವಾಗಿಯೇ ನಾಶವಾಗತೊಡಗಿದವು. ಒಳಗೆ ಅಡಗಿದ್ದ ಒಂದು ವೈರಸ್ ಅದಕ್ಕೆ ಕಾರಣವಾಗಿತ್ತು. ಮರುವರ್ಷ ಮಾರಿಸ್ ಹಿಲ್ಲೆಮನ್ ಮತ್ತು ವರ್ನರ್ ಜ್ವರ, ಕೆಮ್ಮಿನಿಂದ ಬಳಲುತ್ತಿದ್ದ ಸೈನಿಕರಲ್ಲಿ ಇದೇ ಬಗೆಯ ವೈರಸನ್ನು ಬೇರೆಯಾಗಿಯೇ ಕಂಡುಹಿಡಿದರು. 1956ರಲ್ಲಿ ಇವಕ್ಕೆ ಅಡಿನೋವೈರಸ್ ಎಂಬ ಹೆಸರು ಸ್ಥಿರವಾಯಿತು.

ಈ ಎರಡು ವೈರಸ್‌ಗಳಿಗೆ ಒಂದಕ್ಕೊಂದು ಯಾವ ನಂಟೂ ಇಲ್ಲ. ಕಾಕ್ಸಾಕಿ ಬಹಳ ಚಿಕ್ಕದು, ಅದರೊಳಗಿನ ಸಂದೇಶ ಆರ್‌ಎನ್‌ಎ. ಅಡಿನೋ ಅದರ ಮೂರು ಪಟ್ಟು ದೊಡ್ಡದು, ಒಳಗಿರುವುದು ಡಿಎನ್‌ಎ. ಅದರ 12 ಮೂಲೆಗಳಿಂದ ತಂತುಗಳು ಹೊರಚಾಚಿರುತ್ತವೆ. ಒಂದು ಆಡು, ಇನ್ನೊಂದು ಆನೆ ಎನ್ನಬಹುದು.

ಆದರೆ 1976ರಲ್ಲಿ ಲೋನ್‌ಬರ್ಗ್-ಹೋಮ್, ಕ್ರೋವೆಲ್ ಮತ್ತು ಸ್ವೀಡನ್ನಿನ ಲೆನಾರ್ಟ್ ಫಿಲಿಪ್ಸನ್ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದರು. ಜೀವಕೋಶಗಳ ಮೇಲ್ಮೈಯನ್ನು ಮೊದಲೇ ಅಡಿನೋವೈರಸ್‌ನಿಂದ ತುಂಬಿಬಿಟ್ಟರೆ ಕಾಕ್ಸಾಕಿ ಬಿ ವೈರಸ್‌ಗೆ ಅಂಟಿಕೊಳ್ಳಲು ಜಾಗವೇ ಸಿಗುತ್ತಿರಲಿಲ್ಲ. ಇದರ ಅರ್ಥವೇನು? ನಂಟಿಲ್ಲದ ಈ ಎರಡು ವೈರಸ್‌ಗಳು ಒಂದೇ ಬಾಗಿಲನ್ನು ತಟ್ಟುತ್ತಿವೆ! ವೈರಸ್ ಹೀಗೆ ಮೊದಲು ಹಿಡಿದುಕೊಳ್ಳುವ ಪ್ರೋಟೀನಿಗೆ ರಿಸೆಪ್ಟರ್ ಎಂದು ಹೆಸರು. ಕನ್ನಡದಲ್ಲಿ ಅದನ್ನು ಗ್ರಾಹಿ ಎನ್ನೋಣ. ಒಂದೇ ಗ್ರಾಹಿ ಇದೆ ಎಂದು ತಿಳಿಯಿತು. ಆದರೆ ಅದು ಯಾವುದು ಎಂದು ತಿಳಿಯಲು ಇನ್ನೂ 21 ವರ್ಷ ಕಾಯಬೇಕಾಯಿತು.

ಗೋಡೆಯನ್ನು ನೋಡಿದವರು

ಇತ್ತ ಇನ್ನೊಂದು ಕಡೆ, ವೈರಸ್‌ಗಳ ಗೊಡವೆಯೇ ಇಲ್ಲದ ಬೇರೆ ವಿಜ್ಞಾನಿಗಳು ಬೇರೆಯೇ ಕೆಲಸದಲ್ಲಿ ತೊಡಗಿದ್ದರು.

ವಿದ್ಯಾರ್ಥಿ ಮಿತ್ರರೇ, ಹೈಸ್ಕೂಲಿನ ಜೀವಶಾಸ್ತ್ರದಲ್ಲಿ ನೀವು ಅನುಲೇಪಕ ಅಂಗಾಂಶದ ಬಗ್ಗೆ ಓದಿದ್ದೀರಿ. ಮೂಗು, ಶ್ವಾಸನಾಳ, ಕರುಳು ಇವುಗಳ ಒಳಗೋಡೆಯನ್ನು ಹೊದಿಸಿರುವ ಜೀವಕೋಶಗಳ ಸಾಲು ಅದು. ಜಮಾಅತ್ ನಮಾಝಿನಲ್ಲಿ ಸಫ್ ಕಟ್ಟುವಾಗ ಹೆಗಲಿಗೆ ಹೆಗಲು ತಾಗಿಸಿ, ನಡುವೆ ತೆರವು ಬಿಡದೆ ನಿಲ್ಲುತ್ತೇವಲ್ಲ, ಹಾಗೆಯೇ ಈ ಜೀವಕೋಶಗಳು ನಿಂತಿರುತ್ತವೆ. ಹೊರಗಿನ ಗಾಳಿ, ಧೂಳು, ರೋಗಾಣುಗಳು ಒಂದು ಬದಿ. ನಮ್ಮ ರಕ್ತ, ಮಾಂಸ ಇನ್ನೊಂದು ಬದಿ. ನಡುವೆ ಈ ಒಂದು ಸಫ್ ಮಾತ್ರ. ಅಲ್ಲಾಹನ ಸೃಷ್ಟಿಯ ಸೊಬಗನ್ನು ನೋಡಲು ಆಕಾಶದ ಕಡೆಗೆ ಮಾತ್ರ ಕತ್ತೆತ್ತಬೇಕಿಲ್ಲ!

ಈ ಹೆಗಲುಗಳು ನಿಜವಾಗಿ ಹೇಗೆ ಕೂಡಿವೆ? 1963ರಲ್ಲಿ ಮೆರಿಲಿನ್ ಫಾರ್ಕರ್ ಮತ್ತು ಜಾರ್ಜ್ ಪಲಾಡೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಇದನ್ನು ವಿವರವಾಗಿ ತೋರಿಸಿಕೊಟ್ಟರು. ಎರಡು ಜೀವಕೋಶಗಳ ನಡುವೆ ಮೇಲ್ತುದಿಯಲ್ಲಿ ಒಂದು ಬಿಗಿಯಾದ ಪಟ್ಟಿ ಇತ್ತು. ಅದು ಪ್ರತಿಯೊಂದು ಕೋಶವನ್ನೂ ಸುತ್ತುವರಿದಿತ್ತು. ಅದಕ್ಕೆ ಬಿಗಿಸಂಧಿ ಎನ್ನೋಣ. ಅದರ ಕೆಳಗೆ ಇನ್ನೂ ಎರಡು ಬಗೆಯ ಜೋಡಣೆಗಳಿದ್ದವು. ಪಲಾಡೆಯವರಿಗೆ 1974ರಲ್ಲಿ ನೊಬೆಲ್ ಪುರಸ್ಕಾರ ದೊರೆಯಿತು.

ಮುಂದಿನ ಪ್ರಶ್ನೆ, ಆ ಪಟ್ಟಿ ಯಾವುದರಿಂದ ಆಗಿದೆ ಎಂಬುದು. 1986ರಲ್ಲಿ ಸ್ಟೀವನ್‌ಸನ್, ಗುಡ್‌ಇನಫ್ ಮತ್ತಿತರರು ಜೆಡ್‌ಒ-1 ಎಂಬ ಪ್ರೋಟೀನನ್ನು ಕಂಡುಹಿಡಿದರು. ಅದು ಸಂಧಿಯ ಹತ್ತಿರವೇ ಇತ್ತು, ಆದರೆ ಜೀವಕೋಶದ ಒಳಮಗ್ಗುಲಲ್ಲಿ. ನೆರೆಯ ಕೋಶವನ್ನು ಮುಟ್ಟುವ ಪ್ರೋಟೀನ್ ಅದಾಗಿರಲಿಲ್ಲ. ಜಪಾನಿನಲ್ಲಿ ಶೋಯಿಚಿರೋ ತ್ಸುಕಿತಾ ಅವರ ತಂಡ 1993ರಲ್ಲಿ ಆಕ್ಲೂಡಿನ್, 1998ರಲ್ಲಿ ಕ್ಲಾಡಿನ್ ಎಂಬ ಪ್ರೋಟೀನ್‌ಗಳನ್ನು ಪತ್ತೆಮಾಡಿತು. ಇವು ಹೊರಗೆ ಚಾಚಿ ನೆರೆಯ ಕೋಶವನ್ನು ಹಿಡಿಯುವ ಕೈಗಳು. ಹಾಗಾದರೆ ಒಳಗಿರುವ ಜೆಡ್‌ಒ-1ರ ಕೆಲಸವೇನು? ಆ ಕೈಗಳನ್ನು ಒಳಗಿನಿಂದ ಹಿಡಿದು ಅವುಗಳ ಜಾಗದಲ್ಲಿ ನಿಲ್ಲಿಸುವುದು.

ಮನೆ ಕಟ್ಟುವಾಗ ಗಾರೆಯವರು ಗೋಡೆಗೆ ತಾಗಿ ಮರದ ಕಂಬ, ಬಿದಿರುಗಳಿಂದ ಸಾರುವೆ ಕಟ್ಟುವುದನ್ನು ನೀವು ನೋಡಿದ್ದೀರಿ. ಗಾರೆಯವನು, ಸಿಮೆಂಟಿನ ಬಾಣಲೆ, ಇಟ್ಟಿಗೆ ಎಲ್ಲವೂ ಅದರ ಮೇಲೆ ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತವೆ. ಜೀವಕೋಶದೊಳಗೆ ಇದೇ ಕೆಲಸ ಮಾಡುವ ಪ್ರೋಟೀನ್‌ಗಳಿಗೆ ಸಾರುವೆ ಪ್ರೋಟೀನ್ ಎನ್ನಬಹುದು. ಒಂದೇ ವ್ಯತ್ಯಾಸ, ಮನೆಯ ಸಾರುವೆಯನ್ನು ಕೆಲಸ ಮುಗಿದ ಮೇಲೆ ಬಿಚ್ಚುತ್ತಾರೆ. ಇದನ್ನು ಬಿಚ್ಚುವುದಿಲ್ಲ.

ಮೂರು ಕಡೆಯಿಂದ ಬಂದ ಒಂದು ಹೆಸರು

ಸಾರುವೆ ಪ್ರೋಟೀನ್ ಇತರ ಪ್ರೋಟೀನ್‌ಗಳನ್ನು ಹಿಡಿಯುವುದು ಹೇಗೆ? ಈ ಉತ್ತರದ ಚರಿತ್ರೆ ಬಹಳ ಸ್ವಾರಸ್ಯವಾಗಿದೆ.

ಮಿದುಳಿನ ನರಕೋಶಗಳನ್ನು ಅಭ್ಯಸಿಸುತ್ತಿದ್ದವರಿಗೆ ಒಂದು ಪ್ರೋಟೀನ್ ಸಿಕ್ಕಿತ್ತು. ಅದರ ಹೆಸರು ಪಿ ಅಕ್ಷರದಿಂದ ಆರಂಭವಾಗುತ್ತಿತ್ತು. ಹಣ್ಣುನೊಣದ ಮರಿಗಳಲ್ಲಿ ಗೆಡ್ಡೆ ಬೆಳೆಯುವುದೇಕೆ ಎಂದು ಹುಡುಕುತ್ತಿದ್ದವರಿಗೆ ಇನ್ನೊಂದು ಸಿಕ್ಕಿತ್ತು. ಅದರ ಹೆಸರು ಡಿ ಅಕ್ಷರದಿಂದ. ಬಿಗಿಸಂಧಿಯವರ ಬಳಿ ಇದ್ದದ್ದು ಜೆಡ್ ಅಕ್ಷರದ ಜೆಡ್‌ಒ-1. ಮಿದುಳು, ನೊಣ, ಕರುಳಿನ ಗೋಡೆ ಇವುಗಳಿಗೆ ಎತ್ತಣಿಂದೆತ್ತ ಸಂಬಂಧ? ಆದರೆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಮೂರರಲ್ಲೂ ಒಂದೇ ಬಗೆಯ ತುಣುಕು ಮತ್ತೆ ಮತ್ತೆ ಕಾಣಿಸಿತು. 1995ರಲ್ಲಿ ಮೇರಿ ಕೆನಡಿ ಈ ತುಣುಕಿನ ಮೂಲದ ಬಗ್ಗೆ ಬರೆದರು. ಮೂರು ಪ್ರೋಟೀನ್‌ಗಳ ಮೊದಲಕ್ಷರ ಸೇರಿಸಿದ ಪಿಡಿಜೆಡ್ ಎಂಬ ಹೆಸರು ಅದಕ್ಕೆ ನಿಂತಿತು.

ಪಿಡಿಜೆಡ್ ಎಂಬುದು ಸುಮಾರು 80ರಿಂದ 90 ಅಮೈನೋ ಆಮ್ಲಗಳ ಒಂದು ಪುಟ್ಟ ಗೂಡು. ಬೇರೊಂದು ಪ್ರೋಟೀನಿನ ಬಾಲದ ಕೊನೆಯ ಮೂರು ನಾಲ್ಕು ಕೊಂಡಿಗಳನ್ನು ಗುರುತಿಸಿ ಅದು ಹಿಡಿದುಕೊಳ್ಳುತ್ತದೆ. ಪ್ಲಗ್ಗು ಮತ್ತು ಸಾಕೆಟ್ಟಿನ ಹಾಗೆ ಎಂದಿಟ್ಟುಕೊಳ್ಳಿ. ಮನುಷ್ಯನ ದೇಹದಲ್ಲಿ ಇಂಥ ಗೂಡುಗಳು 250ಕ್ಕೂ ಹೆಚ್ಚಿವೆ. ಒಂದೊಂದು ಸಾರುವೆ ಪ್ರೋಟೀನಿನಲ್ಲಿ ಒಂದರಿಂದ ಹಿಡಿದು ಹದಿಮೂರು ಗೂಡುಗಳವರೆಗೂ ಇರುತ್ತವೆ.

1997ರಲ್ಲಿ ಐರಿನಾ ದೊಬ್ರೊಸೊತ್ಸ್ಕಾಯಾ ಮತ್ತು ಸಂಗಡಿಗರು ಆರು ಗೂಡುಗಳಿರುವ ಒಂದು ಸಾರುವೆ ಪ್ರೋಟೀನನ್ನು ವರ್ಣಿಸಿದರು. ಅದರ ಹೆಸರು ಮ್ಯಾಗಿ-1. ಮಕ್ಕಳು ನಗಬಾರದು, ಇದಕ್ಕೂ ಎರಡು ನಿಮಿಷದ ನೂಡಲ್ಸಿಗೂ ಸಂಬಂಧವಿಲ್ಲ! ಈ ಹೆಸರನ್ನು ಮಾತ್ರ ನೆನಪಿಡಿ. ನಮ್ಮ ಕಥೆಯ ಕೊನೆಯಲ್ಲಿ ಅದು ಮತ್ತೆ ಬರುತ್ತದೆ.

ಬಾಗಿಲು ಸಿಕ್ಕಿತು

ಅದೇ 1997ರಲ್ಲಿ ಜೆಫ್ರಿ ಬರ್ಗೆಲ್ಸನ್, ರಾಬರ್ಟ್ ಫಿನ್‌ಬರ್ಗ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಆ ಹಳೆಯ ಪ್ರಶ್ನೆಗೆ ಉತ್ತರ ಕೊಟ್ಟರು. ಎರಡೂ ವೈರಸ್‌ಗಳು ಹಿಡಿಯುವ ಗ್ರಾಹಿಯನ್ನು ಬೇರ್ಪಡಿಸಿ ಅದರ ವಂಶವಾಹಿಯನ್ನು ಓದಿದರು. ಆ ಗ್ರಾಹಿ ಇಲ್ಲದ ಹ್ಯಾಮ್‌ಸ್ಟರ್ ಜೀವಕೋಶಗಳಿಗೆ ಈ ವಂಶವಾಹಿಯನ್ನು ಸೇರಿಸಿದಾಗ ಅವು ವೈರಸ್‌ಗೆ ಬಾಗಿಲು ತೆರೆದವು. ಕೆಲವೇ ವಾರಗಳ ಅಂತರದಲ್ಲಿ ಟಾಮ್ಕೋ ಮತ್ತು ಫಿಲಿಪ್ಸನ್ ಕೂಡ ಅದೇ ಪ್ರೋಟೀನನ್ನು ಪ್ರಕಟಿಸಿದರು. ಹೌದು, 1976ರಲ್ಲಿ ಪ್ರಶ್ನೆ ಎತ್ತಿದ ಅದೇ ಫಿಲಿಪ್ಸನ್! ಇಪ್ಪತ್ತೊಂದು ವರ್ಷ ಅವರು ಆ ಪ್ರಶ್ನೆಯನ್ನು ಮರೆತಿರಲಿಲ್ಲ.

ಗ್ರಾಹಿಗೆ ಎರಡೂ ವೈರಸ್‌ಗಳ ಮೊದಲಕ್ಷರ ಸೇರಿಸಿ ಕಾರ್ ಎಂದು ಹೆಸರಿಟ್ಟರು. ಅದರ ವಂಶವಾಹಿ ಇರುವುದು ನಮ್ಮ 21ನೇ ವರ್ಣತಂತುವಿನಲ್ಲಿ. ಹೊರಗೆ ಎರಡು ಮಣಿಗಳಂತಹ ಭಾಗ, ಪೊರೆಯನ್ನು ದಾಟುವ ಒಂದು ಎಳೆ, ಒಳಗೆ ಒಂದು ಬಾಲ. ಇದು ಅದರ ಆಕಾರ.

ಆದರೆ ಯಾವ ಮನೆಯವನೂ ಕಳ್ಳನಿಗಾಗಿ ಬಾಗಿಲು ಇಡುವುದಿಲ್ಲ. ಹಾಗಾದರೆ ಈ ಪ್ರೋಟೀನಿನ ನಿಜವಾದ ಕೆಲಸವೇನು?

ಒಂದು ಆಸೆ, ಒಂದು ನಿರಾಸೆ

ಈ ಪ್ರಶ್ನೆ ಕೇವಲ ಕುತೂಹಲದ್ದಾಗಿರಲಿಲ್ಲ. ಜೀವಗಳು ಅದರ ಮೇಲೆ ನಿಂತಿದ್ದವು.

ಸಿಸ್ಟಿಕ್ ಫೈಬ್ರೋಸಿಸ್ ಎಂಬುದು ಹುಟ್ಟಿನಿಂದಲೇ ಬರುವ ಕಾಯಿಲೆ. ಶ್ವಾಸಕೋಶದಲ್ಲಿ ಅಂಟಾದ ಕಫ ಕಟ್ಟಿಕೊಂಡು ಮತ್ತೆ ಮತ್ತೆ ಸೋಂಕಾಗುತ್ತದೆ. ಅದಕ್ಕೆ ಕಾರಣವಾದ ವಂಶವಾಹಿ 1989ರಲ್ಲಿ ಪತ್ತೆಯಾಯಿತು. ಕೆಟ್ಟ ವಂಶವಾಹಿಯ ಜಾಗಕ್ಕೆ ಒಳ್ಳೆಯದನ್ನು ತಲುಪಿಸಿದರೆ ಸಾಕಲ್ಲವೇ? ತಲುಪಿಸಲು ಗಾಡಿ ಯಾವುದು? ಶ್ವಾಸನಾಳಕ್ಕೆ ಹೋಗುವುದೇ ಕೆಲಸವಾದ ಅಡಿನೋವೈರಸ್! 1993ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಮೂವರು ರೋಗಿಗಳ ಮೂಗಿನ ಒಳಪದರದ ಮೇಲೆ ಇದನ್ನು ಪ್ರಯೋಗಿಸಿದರು. ಸ್ವಲ್ಪ ಕಾಲದ ಮಟ್ಟಿಗೆ ದೋಷ ಸರಿಯಾದಂತೆ ಕಂಡಿತು. ಎಷ್ಟೋ ತಂದೆತಾಯಂದಿರ ಕಣ್ಣಲ್ಲಿ ಬೆಳಕು ಮೂಡಿತು.

ಆದರೆ 1995ರಲ್ಲಿ ಪ್ರಕಟವಾದ ಇನ್ನೊಂದು ಎಚ್ಚರಿಕೆಯ ಅಧ್ಯಯನ ನಿರಾಸೆ ತಂದಿತು. ವಂಶವಾಹಿ ಬಹಳ ಕಡಿಮೆ ಕೋಶಗಳಿಗೆ ಮಾತ್ರ ತಲುಪುತ್ತಿತ್ತು. ಪ್ರಮಾಣ ಹೆಚ್ಚಿಸಿದರೆ ಉರಿಯೂತ ಬರುತ್ತಿತ್ತು. ಏಕೆ? 1998 ಮತ್ತು 1999ರಲ್ಲಿ ಉತ್ತರ ಸಿಕ್ಕಿತು. ಗಾಡಿಯನ್ನು ಕಳಿಸಿದ್ದು ಗಾಳಿಯಾಡುವ ಮೇಲ್ಬದಿಯಿಂದ. ಕಾರ್ ಗ್ರಾಹಿ ಇದ್ದದ್ದು ಕೋಶಗಳ ಪಕ್ಕ ಮತ್ತು ತಳಭಾಗದಲ್ಲಿ. ಮನೆಯ ಹಿತ್ತಿಲ ಬಾಗಿಲನ್ನು ತಿಳಿಯದೆ ಮುಂದಿನ ಗೋಡೆಗೆ ಹಣೆ ಚಚ್ಚಿದಂತಾಗಿತ್ತು.

ಅದೇ 1999ರ ಸೆಪ್ಟೆಂಬರಿನಲ್ಲಿ ಬೇರೊಂದು ಕಾಯಿಲೆಗಾಗಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅಡಿನೋವೈರಸ್ ಮೂಲಕ ವಂಶವಾಹಿ ಪಡೆದ 18 ವರ್ಷದ ಜೆಸ್ಸಿ ಗೆಲ್ಸಿಂಗರ್ ಎಂಬ ಯುವಕ ತೀರಿಕೊಂಡ. ಅಲ್ಲಿ ಕಾರಣ ಗ್ರಾಹಿಯಲ್ಲ, ವೈರಸ್‌ನ ವಿರುದ್ಧ ಅವನ ದೇಹ ತೋರಿದ ತೀವ್ರ ಪ್ರತಿಕ್ರಿಯೆ. ಆದರೂ ಇಡೀ ಕ್ಷೇತ್ರ ಒಮ್ಮೆ ನಿಂತು ಯೋಚಿಸಿತು. ಗಾಡಿಯ ಬಗ್ಗೆಯೂ ದಾರಿಯ ಬಗ್ಗೆಯೂ ತಿಳಿಯಬೇಕಾದದ್ದು ಇನ್ನೂ ಬಹಳವಿದೆ ಎಂದು ಎಲ್ಲರಿಗೂ ಅರಿವಾಯಿತು.

ಎರಡು ದಾರಿಗಳು ಕೂಡಿದವು

2001ರಲ್ಲಿ ಬರ್ಗೆಲ್ಸನ್ ತಂಡ ಕಾರ್ ಪ್ರೋಟೀನಿನ ನಿಜವಾದ ಮನೆಯನ್ನು ತೋರಿಸಿತು. ಅದು ಇದ್ದದ್ದು ಬಿಗಿಸಂಧಿಯಲ್ಲಿ, ಜೆಡ್‌ಒ-1ರ ಜೊತೆಯಲ್ಲಿ! ಒಂದು ಕೋಶದ ಕಾರ್ ನೆರೆಯ ಕೋಶದ ಕಾರ್‌ನ ಕೈ ಹಿಡಿದು ಸಂಧಿಯನ್ನು ಬಿಗಿಯಾಗಿಸುತ್ತದೆ. 1948ರ ವೈರಸ್ ದಾರಿಯೂ 1963ರ ಗೋಡೆಯ ದಾರಿಯೂ ಇಲ್ಲಿ ಬಂದು ಕೂಡಿದವು. ಇದು ಎಷ್ಟು ಮುಖ್ಯವಾದ ಪ್ರೋಟೀನ್ ಎಂಬುದು 2005ರಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ಕಾರ್ ಇಲ್ಲದ ಇಲಿಯ ಭ್ರೂಣಗಳಲ್ಲಿ ಹೃದಯ ಸರಿಯಾಗಿ ರೂಪುಗೊಳ್ಳದೆ ಅವು ಹುಟ್ಟುವ ಮೊದಲೇ ಸಾಯುತ್ತಿದ್ದವು.

ಹಾಗಾದರೆ ಬಿಗಿಸಂಧಿಯಲ್ಲಿ ಅಡಗಿರುವ ಗ್ರಾಹಿ ವೈರಸ್‌ಗೆ ಏನು ಪ್ರಯೋಜನ? 2002ರಲ್ಲಿ ಅಯೋವಾದ ತಂಡ ಕೊಟ್ಟ ಉತ್ತರ ಅಚ್ಚರಿಯದ್ದು. ಒಳಗೆ ಸೇರಿದ ಅಡಿನೋವೈರಸ್ ಬೆಳೆಯುವಾಗ ತನ್ನ ತಂತುಗಳನ್ನು ಅಗತ್ಯಕ್ಕಿಂತ ಹೆಚ್ಚಾಗಿ ತಯಾರಿಸುತ್ತದೆ. ಹೊರಬಿದ್ದ ಆ ತಂತುಗಳು ಕೋಶಗಳ ನಡುವೆ ನುಗ್ಗಿ ಕಾರ್‌ಗಳು ಪರಸ್ಪರ ಹಿಡಿದ ಕೈಗಳನ್ನು ಬಿಡಿಸುತ್ತವೆ. ಆ ತೆರವಿನಿಂದ ವೈರಸ್ ಮೇಲಕ್ಕೆ ಬಂದು ಗಾಳಿಯ ದಾರಿಗೆ ಸೇರುತ್ತದೆ. ಅಂದರೆ ಕಾರ್ ಒಳಹೋಗುವ ಬಾಗಿಲು ಮಾತ್ರವಲ್ಲ, ತಪ್ಪಿಸಿಕೊಂಡು ಹೋಗುವ ಬಾಗಿಲೂ ಹೌದು.

ಕಾಕ್ಸಾಕಿ ಬಿ ವೈರಸ್‌ನ ಉಪಾಯ ಬೇರೆ. 2006ರಲ್ಲಿ ಕ್ಯಾರೊಲಿನ್ ಕಾಯ್ನ್ ಮತ್ತು ಬರ್ಗೆಲ್ಸನ್ ಅದನ್ನು ಹಂತ ಹಂತವಾಗಿ ಬಿಡಿಸಿಟ್ಟರು. ಕೋಶದ ಮೇಲ್ಬದಿಯಲ್ಲಿ ಸುಲಭವಾಗಿ ಸಿಗುವ ಡಾಫ್ ಎಂಬ ಬೇರೊಂದು ಪ್ರೋಟೀನನ್ನು ವೈರಸ್ ಮೊದಲು ಹಿಡಿಯುತ್ತದೆ. ಆ ಸ್ಪರ್ಶದಿಂದ ಕೋಶದೊಳಗೆ ಸಂಕೇತಗಳು ಹೊರಡುತ್ತವೆ. ಒಳಗಿನ ಎಳೆಗಳು ಅಲುಗಾಡಿ ವೈರಸನ್ನು ಬಿಗಿಸಂಧಿಯ ಕಡೆಗೆ ಎಳೆದೊಯ್ಯುತ್ತವೆ. ಅಲ್ಲಿ ಕಾರ್ ಕಾದಿರುತ್ತದೆ. ಮನೆಯವರಿಂದಲೇ ದಾರಿ ಕೇಳಿ ಮನೆಗೆ ನುಗ್ಗುವ ಕಳ್ಳನ ಹಾಗೆ!

ಬಾಲವನ್ನು ಹಿಡಿದವರು

ಈಗ ಒಳಗಿನ ಬಾಲದ ವಿಚಾರಕ್ಕೆ ಬರೋಣ. ಕಾರ್‌ನ ಬಾಲದ ತುದಿ ಪಿಡಿಜೆಡ್ ಗೂಡಿಗೆ ಹೊಂದುವಂತಿತ್ತು. 2004ರಲ್ಲಿ ಎರಡು ತಂಡಗಳು ಇದನ್ನು ಪರೀಕ್ಷಿಸಿದವು. ಕಾಯ್ನ್ ಅವರ ತಂಡ ಹದಿಮೂರು ಗೂಡುಗಳ ಒಂದು ದೊಡ್ಡ ಸಾರುವೆ ಪ್ರೋಟೀನಿಗೆ ಕಾರ್ ಸೇರಿಕೊಳ್ಳುವುದನ್ನು ತೋರಿಸಿತು. ಅಯೋವಾದಲ್ಲಿ ಕ್ಯಾಥರೀನ್ ಎಕ್ಸ್‌ಕಾಫನ್ ಮತ್ತು ಸಂಗಡಿಗರು ಕಾರ್‌ನ ಬಾಲವನ್ನು ಹಿಡಿಯುವ ಇತರ ಪ್ರೋಟೀನ್‌ಗಳನ್ನು ಗುರುತಿಸಿದರು. ಅವುಗಳಲ್ಲಿ ಒಂದು ನೀವು ನೆನಪಿಟ್ಟುಕೊಂಡಿರುವ ಮ್ಯಾಗಿ-1.

ಇಷ್ಟಾದರೂ ಒಂದು ಒಗಟು ಉಳಿದಿತ್ತು. ಗ್ರಾಹಿ ಅಡಗಿದ್ದರೆ ಹೊರಗಿನಿಂದ ಬರುವ ಅಡಿನೋವೈರಸ್ ಆರೋಗ್ಯವಂತನ ಶ್ವಾಸನಾಳದಲ್ಲಿ ಮೊದಲ ಹೆಜ್ಜೆ ಇಡುವುದಾದರೂ ಹೇಗೆ? 2010ರಲ್ಲಿ ಎಕ್ಸ್‌ಕಾಫನ್ ತಂಡ ಕಾರ್ ಎರಡು ರೂಪಗಳಲ್ಲಿದೆ ಎಂದು ತೋರಿಸಿತು. ಎರಡಕ್ಕೂ ವ್ಯತ್ಯಾಸ ಬಾಲದ ತುದಿಯಲ್ಲಿ ಮಾತ್ರ. ಒಂದು ರೂಪ ಕೋಶಗಳ ನಡುವಿನ ಸಂಧಿಗೆ ಹೋಗುತ್ತದೆ. ಇನ್ನೊಂದು ರೂಪ ಸ್ವಲ್ಪ ಪ್ರಮಾಣದಲ್ಲಿ ಗಾಳಿಯ ಬದಿಗೆ, ಅಂದರೆ ವೈರಸ್‌ಗೆ ಸಿಗುವ ಜಾಗಕ್ಕೆ ಬರಬಲ್ಲದು.

ಅದರ ಪ್ರಮಾಣವನ್ನು ನಿರ್ಧರಿಸುವವರು ಯಾರು? 2012ರಲ್ಲಿ ಓಹಾಯೋದ ರೈಟ್ ಸ್ಟೇಟ್ ವಿಶ್ವವಿದ್ಯಾಲಯದಿಂದ ಇದೇ ತಂಡದ ಉತ್ತರ ಬಂತು: ಮ್ಯಾಗಿ-1. ಅದರ ಒಂದು ಗೂಡಿಗೆ ಕಾರ್‌ನ ಬಾಲ ಸೇರಿದರೆ ಆ ಕಾರ್ ಒಡೆದು ನಾಶವಾಗುತ್ತದೆ. ಇನ್ನೊಂದು ಗೂಡಿಗೆ ಸೇರಿದರೆ ಉಳಿದುಕೊಳ್ಳುತ್ತದೆ. ಒಂದೇ ಸಾರುವೆ, ಒಂದು ಕೊಂಡಿಯಲ್ಲಿ ರಕ್ಷಣೆ, ಇನ್ನೊಂದರಲ್ಲಿ ನಾಶ. ಹೀಗೆ ಹೊರಬಾಗಿಲು ಎಷ್ಟು ತೆರೆದಿರಬೇಕು ಎಂಬುದನ್ನು ಒಳಗಿನ ಸಾರುವೆ ನಿರ್ಧರಿಸುತ್ತದೆ. ಈ ಗೂಡುಗಳಿಗೆ ಅಡ್ಡಿಯಾಗುವ ಸಣ್ಣ ಪ್ರೋಟೀನ್ ತುಣುಕುಗಳನ್ನು ಬಳಸಿ ಅಡಿನೋವೈರಸ್ ಸೋಂಕನ್ನು ತಗ್ಗಿಸಬಹುದೇ ಎಂಬ ಪ್ರಯೋಗಗಳು ಮುಂದೆ ಅದೇ ಪ್ರಯೋಗಶಾಲೆಯಲ್ಲಿ ನಡೆದಿವೆ. ವೈರಸನ್ನು ಮುಟ್ಟದೆ ಬಾಗಿಲನ್ನೇ ಸರಿಸುವ ಆಲೋಚನೆ ಅದು.

ಇತರ ಬಾಗಿಲುಗಳು

ಇದು ಒಂದೆರಡು ವೈರಸ್‌ಗಳ ಕಥೆ ಎಂದು ತಿಳಿಯಬೇಡಿ. 2001ರಲ್ಲಿ ರಿಯೋವೈರಸ್, 2007 ಮತ್ತು 2009ರಲ್ಲಿ ಹೆಪಟೈಟಿಸ್ ಸಿ ವೈರಸ್ ಕೂಡ ಸಂಧಿಯ ಪ್ರೋಟೀನ್‌ಗಳನ್ನೇ ಬಳಸುತ್ತವೆ ಎಂದು ತಿಳಿದುಬಂತು. ತ್ಸುಕಿತಾ ತಂಡ ಕಂಡುಹಿಡಿದ ಕ್ಲಾಡಿನ್ ಮತ್ತು ಆಕ್ಲೂಡಿನ್ ಎರಡೂ ಹೆಪಟೈಟಿಸ್ ಸಿ ವೈರಸ್‌ಗೆ ಬೇಕು. ಕೆಲವು ವೈರಸ್‌ಗಳು ನೇರವಾಗಿ ಸಾರುವೆಗೇ ಕೈಹಾಕುತ್ತವೆ. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಪ್ಯಾಪಿಲೋಮಾ ವೈರಸ್‌ನ ಒಂದು ಪ್ರೋಟೀನ್ ಮ್ಯಾಗಿ-1ನ್ನು ಹಿಡಿದು ನಾಶಪಡಿಸುತ್ತದೆ. 2003ರಲ್ಲಿ ಲೋಕವನ್ನು ಹೆದರಿಸಿದ ಸಾರ್ಸ್ ವೈರಸ್‌ನ ಒಂದು ಪ್ರೋಟೀನ್ ಸಹ ಸಂಧಿಯ ಬಳಿಯ ಸಾರುವೆ ಪ್ರೋಟೀನೊಂದನ್ನು ಹಿಡಿಯುತ್ತದೆ ಎಂದು 2010ರಲ್ಲಿ ಪ್ರಕಟವಾಯಿತು.

ದಡಾರದ ವೈರಸ್ ಇನ್ನೂ ಜಾಣ. ಅದು ಮೊದಲು ರೋಗನಿರೋಧಕ ಕೋಶಗಳ ಮೂಲಕ ದೇಹವನ್ನು ಸೇರುತ್ತದೆ. ಕೊನೆಗೆ ಶ್ವಾಸನಾಳದ ಕೋಶಗಳನ್ನು ತಳಬದಿಯಿಂದ ಹೊಕ್ಕು ಗಾಳಿಗೆ ಬರುತ್ತದೆ. ಆಗ ಅದು ಹಿಡಿಯುವುದು ನೆಕ್ಟಿನ್-4 ಎಂಬ ಸಂಧಿ ಪ್ರೋಟೀನನ್ನು ಎಂದು 2011ರಲ್ಲಿ ಗೊತ್ತಾಯಿತು.

ದಡಾರದ ಮಾತು ಬಂದಾಗ ನಮಗೆ ಒಬ್ಬರ ನೆನಪಾಗದೆ ಇರದು. ಇಂದಿನ ಟೆಹರಾನ್ ಸಮೀಪದ ರಯ್ ಪಟ್ಟಣದಲ್ಲಿ ಹುಟ್ಟಿ, ಬಗ್ದಾದಿನ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದ ಅಬೂಬಕರ್ ಮುಹಮ್ಮದ್ ಬಿನ್ ಝಕರಿಯ್ಯಾ ಅಲ್ ರಾಝಿ. ಸುಮಾರು 925ರಲ್ಲಿ ತೀರಿಕೊಂಡ ಈ ವೈದ್ಯರು ಸಿಡುಬು ಬೇರೆ, ದಡಾರ ಬೇರೆ ಎಂದು ಲಕ್ಷಣಗಳನ್ನು ಹೋಲಿಸಿ ಒಂದು ಗ್ರಂಥವನ್ನೇ ಬರೆದರು. ಅವರ ಕೈಯಲ್ಲಿ ಸೂಕ್ಷ್ಮದರ್ಶಕ ಇರಲಿಲ್ಲ. ಇದ್ದದ್ದು ರೋಗಿಯ ಪಕ್ಕದಲ್ಲಿ ಕುಳಿತು ತಾಳ್ಮೆಯಿಂದ ನೋಡುವ ಕಣ್ಣು ಮಾತ್ರ.

ನಮ್ಮ ಪಾಲು ಎಲ್ಲಿ?

ನಮ್ಮ ಸಭೆಗಳಲ್ಲಿ ಅಲ್ ರಾಝಿ, ಇಬ್ನ್ ಸೀನಾ ಅವರ ಹೆಸರು ಕೇಳಿದಾಗ ಚಪ್ಪಾಳೆ ಬೀಳುತ್ತದೆ. ಹೆಮ್ಮೆಪಡುವುದು ತಪ್ಪಲ್ಲ. ಆದರೆ ಅಲ್ ರಾಝಿ ನೋಡಿದ ದಡಾರದ ಮುಂದಿನ ಸಂಗತಿಯನ್ನು ನೋಡಿದವರು ಯಾರು? ಆ ಸರಪಳಿಯ ಇತ್ತೀಚಿನ ಕೊಂಡಿಗಳಲ್ಲಿ ನಮ್ಮ ಮಕ್ಕಳ ಹೆಸರು ಏಕೆ ಇಷ್ಟು ವಿರಳ? ಈ ಪ್ರಶ್ನೆಯನ್ನು ನಾವು ಚಪ್ಪಾಳೆಯ ಸದ್ದಿನಲ್ಲಿ ಮುಳುಗಿಸಬಾರದು. ಪ್ರತಿಯೊಂದು ರೋಗಕ್ಕೂ ಮದ್ದಿದೆ ಎಂಬುದು ಮದ್ರಸದ ದಿನಗಳಿಂದ ನಾವು ಕೇಳಿ ಬಂದ ಮಾತು. ಇರುವ ಮದ್ದನ್ನು ಹುಡುಕುವ ಹೊಣೆಯೂ ಆ ಮಾತಿನೊಳಗೇ ಇದೆಯಲ್ಲವೇ?

ವಿದ್ಯಾರ್ಥಿಗಳೇ, ಈ ಚರಿತ್ರೆಯಲ್ಲಿ ಒಬ್ಬನೇ ವೀರನಿಲ್ಲ ಎಂಬುದನ್ನು ಗಮನಿಸಿ. ನೊಣವನ್ನು ನೋಡಿದವರಿಗೆ ವೈರಸ್ ಗೊತ್ತಿರಲಿಲ್ಲ. ವೈರಸ್ ನೋಡಿದವರಿಗೆ ಬಿಗಿಸಂಧಿ ಗೊತ್ತಿರಲಿಲ್ಲ. ಆದರೆ ಪ್ರತಿಯೊಬ್ಬರೂ ತಮ್ಮ ಪಾಲಿನ ಸಣ್ಣ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿ ಬರೆದಿಟ್ಟರು. ಮುಂದೆ ಬಂದವರು ಅದನ್ನು ಜೋಡಿಸಿದರು. ಪಿಯುಸಿ ವಿಜ್ಞಾನವೆಂದರೆ ಡಾಕ್ಟರ್ ಅಥವಾ ಇಂಜಿನಿಯರ್ ಸೀಟು ಮಾತ್ರ, ಸಿಗದಿದ್ದರೆ ಬದುಕೇ ಮುಗಿಯಿತು ಎಂದು ಭಾವಿಸಬೇಡಿ. ಬಿ.ಎಸ್ಸಿ., ಎಂ.ಎಸ್ಸಿ. ಓದಿ ಒಂದು ಪ್ರಶ್ನೆಯ ಬೆನ್ನು ಹತ್ತುವುದೂ ಸಮುದಾಯದ ಸೇವೆಯೇ.

ಇನ್ನು ಹಿರಿಯರೇ, ಆರಂಭದಲ್ಲಿ ಹೇಳಿದ ಮಾತು ಇದು. ಈ ಕಥೆಯ ಹೆಸರುಗಳನ್ನು ಮತ್ತೊಮ್ಮೆ ಓದಿ. ಇಲಿಮರಿಗಳಲ್ಲಿ ವೈರಸ್ ಕಂಡ ಗ್ರೇಸ್ ಸಿಕ್ಲ್ಸ್, ಬಿಗಿಸಂಧಿಯನ್ನು ತೋರಿಸಿದ ಮೆರಿಲಿನ್ ಫಾರ್ಕರ್, ಪಿಡಿಜೆಡ್ ಬಗ್ಗೆ ಬರೆದ ಮೇರಿ ಕೆನಡಿ, ಮ್ಯಾಗಿ-1ನ್ನು ವರ್ಣಿಸಿದ ದೊಬ್ರೊಸೊತ್ಸ್ಕಾಯಾ, ವೈರಸ್‌ನ ದಾರಿ ಬಿಡಿಸಿದ ಕ್ಯಾರೊಲಿನ್ ಕಾಯ್ನ್, ಬಾಗಿಲಿನ ಎರಡು ರೂಪ ತೋರಿಸಿದ ಎಕ್ಸ್‌ಕಾಫನ್. ಪ್ರತಿಯೊಂದು ತಿರುವಿನಲ್ಲೂ ಒಬ್ಬ ಹೆಣ್ಣುಮಗಳಿದ್ದಾಳೆ. ಇವರ ತಂದೆತಾಯಿ ಓದು ಸಾಕು ಎಂದಿದ್ದರೆ ಈ ಕಥೆ ಎಲ್ಲಿ ನಿಲ್ಲುತ್ತಿತ್ತು? ಹತ್ತನೇ ತರಗತಿಯ ಫಲಿತಾಂಶ ಬಂದಾಗ ನಮ್ಮ ಹೆಣ್ಣುಮಕ್ಕಳು ಮುಂದಿರುವುದನ್ನು ನಾವು ನೋಡುತ್ತೇವೆ, ಸನ್ಮಾನ ಮಾಡುತ್ತೇವೆ, ಶಾಲು ಹೊದಿಸುತ್ತೇವೆ. ನಾಲ್ಕು ವರ್ಷದ ನಂತರ ಆ ಹುಡುಗಿ ಎಲ್ಲಿದ್ದಾಳೆ ಎಂದು ವಿಚಾರಿಸುವವರು ಎಷ್ಟು ಮಂದಿ?

ಕೊನೆಗೆ ಮತ್ತೆ ಆ ಲಸಿಕೆಯ ಸೀಸೆಗೆ ಬರೋಣ. ಕೋವಿಶೀಲ್ಡ್‌ನಲ್ಲಿದ್ದ ಆ ಚಿಂಪಾಂಜಿ ಅಡಿನೋವೈರಸ್ ಹಿಡಿಯುವ ಗ್ರಾಹಿಯೂ ಕಾರ್ ಎಂದು 2021ರಲ್ಲಿಯೇ ವಿಜ್ಞಾನಿಗಳು ಪ್ರಕಟಿಸಿದರು. 1976ರಲ್ಲಿ ಮೂವರು ಊಹಿಸಿದ, 1997ರಲ್ಲಿ ಸಿಕ್ಕಿದ ಅದೇ ಗ್ರಾಹಿ. ಯಾರೋ ಎಲ್ಲೋ ತಾಳ್ಮೆಯಿಂದ ಮಾಡಿದ ಕೆಲಸದ ಫಲ ನಮ್ಮ ತೋಳಿಗೆ ಬಂದು ಸೇರಿತು. ನಾವು ಪಡೆದುಕೊಂಡಿದ್ದೇವೆ. ಕೊಡುವವರ ಸಫ್ಫಿನಲ್ಲಿಯೂ ನಮ್ಮ ಮಕ್ಕಳು ಹೆಗಲು ತಾಗಿಸಿ ನಿಲ್ಲುವಂತಾಗಲಿ. ಅಲ್ಲಾಹನು ಅವರಿಗೆ ಪ್ರಯೋಜನಕಾರಿಯಾದ ಜ್ಞಾನವನ್ನು ಕರುಣಿಸಲಿ, ಆಮೀನ್.